ಒಂದು ಗುಂಪಿಗೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದಾ?

ಪ್ರಶ್ನೆ: ಆವರ್ತ ಕೋಷ್ಟಕದ 1ನೇ ಗುಂಪಿನಲ್ಲಿ ಕೆಳಗೆ ಹೋದ ಹಾಗೆ ಧಾತುಗಳ ಆರ್ಭಟ (ಬೇರೆಯವುಗಳ ಜೊತೆ ವರ್ತಿಸುವ ಚುರುಕು) ಜಾಸ್ತಿಯಾಗುತ್ತದೆ. 17ನೇ ಗುಂಪಿನಲ್ಲಿ ಕೆಳಗೆ ಹೋದ ಹಾಗೆ ಕಡಿಮೆಯಾಗುತ್ತದೆ. ಪುಸ್ತಕದಲ್ಲಿ ಎರಡನ್ನೂ ಸುಮ್ನೆ ನಿಯಮ ಅಂತ ಕೊಟ್ಟಿದ್ದಾರೆ, ನಾನು ಪ್ರತಿ ಪರೀಕ್ಷೆಯಲ್ಲೂ ಅದಲು ಬದಲು ಮಾಡಿಬಿಡುತ್ತೇನೆ. ನೆನಪಿಟ್ಟುಕೊಳ್ಳಲು ಉಪಾಯ ಇದೆಯಾ?

ಉತ್ತರ: ಉಪಾಯ ಬೇಡ, ಕಾರಣ ಗೊತ್ತಾದರೆ ಸಾಕು. ನೀವು ಎರಡು ಅಂದುಕೊಂಡಿರುವುದು ಅಸಲಿಗೆ ಒಂದೇ ನಿಯಮ. ಗುಂಪಿನಲ್ಲಿ ಒಂದು ಮನೆ ಕೆಳಗಿಳಿದರೆ ಪರಮಾಣುವಿಗೆ ಒಂದು ಕವಚ (ಎಲೆಕ್ಟ್ರಾನ್‌ಗಳ ಪದರ) ಜಾಸ್ತಿ. ಹೊರಗಿನ ಕವಚ ನ್ಯೂಕ್ಲಿಯಸ್‌ನಿಂದ ದೂರ ಸರಿಯುತ್ತದೆ, ನಡುವೆ ಒಳಗಿನ ಎಲೆಕ್ಟ್ರಾನ್‌ಗಳು ಅಡ್ಡ ನಿಲ್ಲುತ್ತವೆ, ಹಾಗಾಗಿ ಹಿಡಿತ ಸಡಿಲ. ಈ ಸಡಿಲ ಹಿಡಿತದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತಷ್ಟೇ ನೋಡಬೇಕು.

1ನೇ ಗುಂಪಿನ ಕ್ಷಾರ ಲೋಹಗಳ ಕೆಲಸ ಕೊಡುವುದು. ಒಳಗಿನ ಕವಚದಿಂದ ಹೊರಕ್ಕೆ ಎಲೆಕ್ಟ್ರಾನ್ ಎಣಿಸಿದರೆ ಲಿಥಿಯಂನಲ್ಲಿ 2, 1. ಸೋಡಿಯಂನಲ್ಲಿ 2, 8, 1. ಪೊಟ್ಯಾಸಿಯಂನಲ್ಲಿ 2, 8, 8, 1. ಕೊನೆಯ ಆ ಒಂದನ್ನು ಕಳೆದುಕೊಂಡರೆ ಅವಕ್ಕೆ ನೆಮ್ಮದಿ. ಹಿಡಿತ ಸಡಿಲವಾದಷ್ಟೂ ಅದು ಬೇಗ ಬಿಟ್ಟುಹೋಗುತ್ತದೆ. ಲಿಥಿಯಂನಿಂದ ಮೊದಲ ಎಲೆಕ್ಟ್ರಾನ್ ಕಿತ್ತುಕೊಳ್ಳಲು ಒಂದು ಮೋಲ್‌ಗೆ 520 ಕಿಲೋಜೂಲ್ ಶಕ್ತಿ ಬೇಕು, ಗುಂಪಿನ ಕೆಳಗಿರುವ ಸೀಸಿಯಂಗೆ 376 ಸಾಕು. ನೀರಿಗೆ ಹಾಕಿದಾಗ ಇದು ಕಣ್ಣಿಗೇ ಕಾಣುತ್ತದೆ: ಲಿಥಿಯಂ ಮೆಲ್ಲಗೆ ಗುಳ್ಳೆ ಬಿಡುತ್ತದೆ, ಸೋಡಿಯಂ ತನ್ನದೇ ಬಿಸಿಗೆ ಕರಗಿ ಉಂಡೆಯಾಗಿ ನೀರಿನ ಮೇಲೆ ಓಡಾಡುತ್ತದೆ, ಪೊಟ್ಯಾಸಿಯಂ ನೇರಳೆ ಜ್ವಾಲೆಯಲ್ಲಿ ಹೊತ್ತಿಕೊಳ್ಳುತ್ತದೆ, ಸೀಸಿಯಂ ಹಾಕಿದರೆ ಪಾತ್ರೆಯೇ ಒಡೆದು ಹೋಗಬಹುದು. (ಇದನ್ನು ವಿಡಿಯೋದಲ್ಲಿ ನೋಡಿ, ಕೈಯಾರೆ ಮಾಡಲು ಹೋಗಬೇಡಿ.) ಸೋಡಿಯಂ, ಪೊಟ್ಯಾಸಿಯಂಗಳನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದು ನಿಮಗೆ ಗೊತ್ತು. ಲಿಥಿಯಂ ಎಷ್ಟು ಹಗುರ ಅಂದರೆ ಸೀಮೆಎಣ್ಣೆಯಲ್ಲೂ ತೇಲುತ್ತದೆ, ಅದಕ್ಕೇ ಮೇಣ ಅಥವಾ ವ್ಯಾಸಲೀನ್ ಬಳಿದಿಡುತ್ತಾರೆ.

17ನೇ ಗುಂಪಿನ ಹ್ಯಾಲೋಜನ್‌ಗಳದ್ದು ಕಿತ್ತುಕೊಳ್ಳುವ ಕೆಲಸ. ಹೊರಗೆ 7 ಇದೆ, ಇನ್ನೊಂದು ಬೇಕು. ಹೊರಗಿನಿಂದ ಬರುವ ಎಲೆಕ್ಟ್ರಾನನ್ನು ಎಳೆಯಬೇಕಾದರೆ ಹಿಡಿತ ಬಿಗಿಯಾಗಿರಬೇಕು, ಅಲ್ವಾ? ಹಾಗಾಗಿ ಚಿಕ್ಕ ಪರಮಾಣುವಿನ ಫ್ಲೋರಿನ್ ಮೇಲೆ ಕೂತು ಎಲ್ಲರನ್ನೂ ಹೆದರಿಸುತ್ತದೆ, ದೊಡ್ಡ ಪರಮಾಣುವಿನ ಅಯೋಡಿನ್ ಕೆಳಗೆ ತೆಪ್ಪಗಿರುತ್ತದೆ. ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಕ್ಲೋರಿನ್ ಬಿಟ್ಟರೆ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಲೋರಿನ್ ಬಂದು ಅಯೋಡಿನ್ ಕೈಯಲ್ಲಿದ್ದ ಎಲೆಕ್ಟ್ರಾನನ್ನು ಕಿತ್ತುಕೊಂಡು ಅದನ್ನು ಹೊರದಬ್ಬಿದ ಗುರುತು ಅದು.

ಇಲ್ಲೊಂದು ತರಲೆ ಇದೆ, ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಎಲೆಕ್ಟ್ರಾನ್ ಒಂದನ್ನು ಸೇರಿಸಿಕೊಂಡಾಗ ಹೊರಬರುವ ಶಕ್ತಿಯನ್ನು ಅಳೆದರೆ ಕ್ಲೋರಿನ್‌ನದ್ದು 349 ಕಿಲೋಜೂಲ್, ಫ್ಲೋರಿನ್‌ನದ್ದು 328 ಮಾತ್ರ! ಫ್ಲೋರಿನ್ ಪರಮಾಣು ತುಂಬಾ ಚಿಕ್ಕದು, ಒಳಗೆ ಇಕ್ಕಟ್ಟು, ಹೊಸದಾಗಿ ಬಂದದ್ದನ್ನು ಅಲ್ಲಿರುವ ಎಲೆಕ್ಟ್ರಾನ್‌ಗಳೇ ಆಚೆ ತಳ್ಳುತ್ತವೆ. ಅದೇ ಇಕ್ಕಟ್ಟಿನಿಂದ ಎರಡು ಫ್ಲೋರಿನ್ ಪರಮಾಣುಗಳ ನಡುವಿನ ಬಂಧವೂ ದುರ್ಬಲ, ಬೇಗ ಮುರಿಯುತ್ತದೆ. ಜೊತೆಗೆ ಬೇರೆ ಧಾತುಗಳ ಜೊತೆ ಫ್ಲೋರಿನ್ ಕಟ್ಟುವ ಬಂಧಗಳು ಬಲವಾದವು. ಒಟ್ಟು ಲೆಕ್ಕದಲ್ಲಿ ಅದೇ ಮೇಲುಗೈ. ಇದು ಪರೀಕ್ಷೆಗೆ ಬರಲಿಕ್ಕಿಲ್ಲ, ಆದರೂ ಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಟೆಲ್ಲೂರಿಯಂನ ಪರಮಾಣು ತೂಕ 127.6, ಅಯೋಡಿನ್‌ನದ್ದು 126.9. ಆದರೂ ಟೆಲ್ಲೂರಿಯಂ ಮುಂಚೆ ಬರುತ್ತದೆ. ಅಚ್ಚಿನ ತಪ್ಪಾ?

ಉತ್ತರ: ತಪ್ಪಲ್ಲ. ನಿಮ್ಮ ಅನುಮಾನವೇ ಮೆಂಡೆಲೀವ್‌ಗೂ ಬಂದಿತ್ತು. 1869ರಲ್ಲಿ ಅವರು ಕೋಷ್ಟಕ ಮಾಡಿದ್ದು ತೂಕದ ಕ್ರಮದಲ್ಲೇ. ಆದರೆ ಅಯೋಡಿನ್‌ನ ಗುಣ ನೋಡಿದರೆ ಅದು ಕ್ಲೋರಿನ್, ಬ್ರೋಮಿನ್‌ಗಳ ಜೊತೆಗೇ ಇರಬೇಕು. ಅವರು ತೂಕವನ್ನು ಬಿಟ್ಟು ಗುಣವನ್ನು ನಂಬಿದರು, ಟೆಲ್ಲೂರಿಯಂನ ತೂಕ ಅಳೆದವರೇ ಎಡವಿರಬೇಕು ಅಂದರು. ತೂಕ ಸರಿಯಾಗಿಯೇ ಇತ್ತು! ಇದೇ ಮನುಷ್ಯ ಗ್ಯಾಲಿಯಂ ವಿಷಯದಲ್ಲಿ ಗೆದ್ದಿದ್ದರು ನೋಡಿ. 1875ರಲ್ಲಿ ಫ್ರೆಂಚ್ ವಿಜ್ಞಾನಿ ಬ್ವಾಬೋದ್ರಾನ್ ಅದನ್ನು ಕಂಡುಹಿಡಿದು ಸಾಂದ್ರತೆ 4.7 ಅಂದಾಗ, ಗ್ಯಾಲಿಯಂನ ಚೂರನ್ನೇ ನೋಡಿರದ ಮೆಂಡೆಲೀವ್ 'ಇಲ್ಲ, 5.9ರ ಹತ್ತಿರ ಇರಬೇಕು, ಇನ್ನೊಮ್ಮೆ ಅಳೆಯಿರಿ' ಅಂದರು. ಶುದ್ಧ ಮಾಡಿ ಅಳೆದರೆ 5.9 ಬಂತು.

ಟೆಲ್ಲೂರಿಯಂ ಒಗಟು ಬಿಡಿಸಿದ್ದು ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ, 1913ರಲ್ಲಿ ಶುರು ಮಾಡಿದ ಎಕ್ಸ್-ರೇ ಪ್ರಯೋಗಗಳಿಂದ. ಕ್ರಮ ಇರುವುದು ತೂಕದಲ್ಲಲ್ಲ, ನ್ಯೂಕ್ಲಿಯಸ್‌ನ ವಿದ್ಯುದಂಶದಲ್ಲಿ, ಅಂದರೆ ನಾವು ಈಗ ಪರಮಾಣು ಸಂಖ್ಯೆ ಅನ್ನುವುದರಲ್ಲಿ. ಟೆಲ್ಲೂರಿಯಂ 52, ಅಯೋಡಿನ್ 53. ಟೆಲ್ಲೂರಿಯಂನಲ್ಲಿ ನ್ಯೂಟ್ರಾನ್ ಜಾಸ್ತಿ ಇರುವ ಐಸೋಟೋಪುಗಳೇ (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಹೆಚ್ಚು, ಅದಕ್ಕೇ ಸರಾಸರಿ ತೂಕ ಏರಿದೆ. ಆರ್ಗಾನ್, ಪೊಟ್ಯಾಸಿಯಂಗಳದ್ದೂ ಇದೇ ಕಥೆ. ಬರೀ ತೂಕ ನಂಬಿದ್ದರೆ ಆರ್ಗಾನ್ ಹೋಗಿ ಸೋಡಿಯಂ ಕೆಳಗೆ ಕೂರುತ್ತಿತ್ತು. ಮೋಸ್ಲಿ 1915ರಲ್ಲಿ ಗ್ಯಾಲಿಪೋಲಿ ಯುದ್ಧದಲ್ಲಿ ಸತ್ತರು. ಬರೀ 27 ವರ್ಷ.

ಪ್ರಶ್ನೆ: ಹೈಡ್ರೋಜನ್ ಲೋಹವಲ್ಲ, ಮತ್ತೆ 1ನೇ ಗುಂಪಿನಲ್ಲಿ ಯಾಕಿದೆ?

ಉತ್ತರ: ಹೊರಗೆ ಒಂದು ಎಲೆಕ್ಟ್ರಾನ್ ಇದೆ ಅನ್ನುವ ಒಂದೇ ಕಾರಣಕ್ಕೆ. ಆದರೆ ಅದನ್ನು ಕೀಳಲು 1312 ಕಿಲೋಜೂಲ್ ಬೇಕು, ಲಿಥಿಯಂನ ಎರಡೂವರೆ ಪಟ್ಟು. ಸೋಡಿಯಂ ಸಿಕ್ಕಿದರೆ ಹ್ಯಾಲೋಜನ್ ಹಾಗೆ ತಾನೇ ಎಲೆಕ್ಟ್ರಾನ್ ಕಿತ್ತುಕೊಂಡು ಹೈಡ್ರೈಡ್ ಕೂಡ ಆಗುತ್ತದೆ. ಕೆಲವು ಕೋಷ್ಟಕಗಳಲ್ಲಿ ಅದನ್ನು ಎಲ್ಲರಿಂದ ದೂರ, ಒಂಟಿಯಾಗಿ ಇಟ್ಟಿರುತ್ತಾರೆ. ನನಗೆ ಅದೇ ಸರಿ ಅನಿಸುತ್ತದೆ.

ಪ್ರಶ್ನೆ: ಜಡ ಅನಿಲಗಳು ನಿಜವಾಗಿಯೂ ಯಾರ ಜೊತೆಗೂ ಸೇರುವುದಿಲ್ಲವಾ?

ಉತ್ತರ: 1962ರವರೆಗೆ ಹೆಚ್ಚಿನವರು ಹಾಗೇ ನಂಬಿದ್ದರು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ರಸಾಯನವಿಜ್ಞಾನಿ ನೀಲ್ ಬಾರ್ಟ್ಲೆಟ್ ಕಂಡಿದ್ದರು. ಜಡ ಅನಿಲ ಕ್ಸೆನಾನ್ ಎಲೆಕ್ಟ್ರಾನ್ ಬಿಡಲು ಬೇಕಾದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಅಲ್ವಾ ಅಂತ ಹೊಳೆದು ಕ್ಸೆನಾನ್ ಜೊತೆ ಅದೇ ಹೆಕ್ಸಾಫ್ಲೋರೈಡನ್ನು ಬೆರೆಸಿದರು, ಹಳದಿ-ಕಿತ್ತಳೆ ಬಣ್ಣದ ಪುಡಿ ಬಂತು. ಮೊದಲು ಬಗ್ಗಿದ್ದು ಗುಂಪಿನ ಕೆಳಗಿರುವ, ಹಿಡಿತ ಸಡಿಲವಾದ ಕ್ಸೆನಾನ್ ಅನ್ನುವುದನ್ನು ಗಮನಿಸಿ. ಮೇಲಿರುವ ಹೀಲಿಯಂ, ನಿಯಾನ್‌ಗಳು ಸಾಮಾನ್ಯ ಒತ್ತಡದಲ್ಲಿ ಇನ್ನೂ ಬಗ್ಗಿಲ್ಲ.