ಅಡಿಕೆ ಬುಟ್ಟಿಗೆ ಬಿದ್ದರೂ ಅಂಕ ಏರದೇಕೆ?

ಪ್ರಶ್ನೆ: ನಾನು ಹತ್ತನೇ ತರಗತಿ. ಕೇರಳದ ಶಾಲೆಗಳ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿ, ಬ್ಲಾಕ್ ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್ ಕಲಿತು, ಮೇಲಿನಿಂದ ಬೀಳುವ ಅಡಿಕೆಯನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಮಾಡಿದ್ದೇನೆ. ಅದನ್ನೇ ಆಟ ತಯಾರಿಸುವ ಉಚಿತ ತಂತ್ರಾಂಶ ಗೋಡೋದಲ್ಲಿ ಮಾಡಹೊರಟರೆ, ಯೂಟ್ಯೂಬ್ ಪಾಠದಲ್ಲಿ ಇದ್ದಂತೆಯೇ ಬರೆದರೂ ಕೆಂಪು ಗೆರೆ. ಹೇಗೋ ಸರಿಪಡಿಸಿದರೆ ಅಡಿಕೆ ಬುಟ್ಟಿಯನ್ನು ದಾಟಿ ಕೆಳಗೆ ಹೋಗುತ್ತದೆ, ಅಂಕ ಏರುವುದಿಲ್ಲ. ಮನೆಯ ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್‌ನದು. ಯಾವ ಉಚಿತ ಪಾಠ ಹಿಡಿಯಲಿ?
— ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಕೆಂಪು ಗೆರೆಗೆ ಹೆಚ್ಚಾಗಿ ಕಾರಣ ಪಾಠದ ವಯಸ್ಸು. ಗೋಡೋ 4 ಬಂದದ್ದು 2023ರ ಮಾರ್ಚ್‌ನಲ್ಲಿ. ಅದಕ್ಕಿಂತ ಹಿಂದಿನ ವಿಡಿಯೋಗಳಲ್ಲಿ ‘ಕೈನೆಮ್ಯಾಟಿಕ್‌ಬಾಡಿ2ಡಿ’ ಎಂದಿರುವುದು ಈಗ ‘ಕ್ಯಾರೆಕ್ಟರ್‌ಬಾಡಿ2ಡಿ’. ‘ಯೀಲ್ಡ್’ ಹೋಗಿ ‘ಅವೇಯ್ಟ್’ ಬಂದಿದೆ. ‘ಎಕ್ಸ್‌ಪೋರ್ಟ್’, ‘ಆನ್‌ರೆಡಿ’ ಪದಗಳ ಮುಂದೆ ಈಗ @ ಚಿಹ್ನೆ ಬೇಕು. ವಿಡಿಯೋ ತೆರೆದ ಕೂಡಲೇ ಅದು ಯಾವ ಆವೃತ್ತಿಯದು ನೋಡಿ. 3 ಎಂದಿದ್ದರೆ ಮುಚ್ಚಿಬಿಡಿ. ಹಳೆಯದನ್ನು ಹೊಸದಕ್ಕೆ ಹೊಂದಿಸುವುದು ಕಲಿತವರ ಕೆಲಸ, ಕಲಿಯುವವರದ್ದಲ್ಲ.

ಅಂಕ ಏರದ್ದಕ್ಕೆ ಕಾರಣ ಬೇರೆ. ಆರಂಭಿಕ ಪಾಠಗಳಲ್ಲಿ ಸಾಮಾನ್ಯವಾಗಿ ಆಟಗಾರ ‘ಏರಿಯಾ2ಡಿ’ (ತಾಗಿದ್ದನ್ನು ಗುರುತಿಸುವ ವಲಯ), ಎದುರಿನ ವಸ್ತು ‘ರಿಜಿಡ್‌ಬಾಡಿ2ಡಿ’ (ಭೌತನಿಯಮದಂತೆ ಚಲಿಸುವ ವಸ್ತು). ಹಾಗಾಗಿ ಅಲ್ಲಿ ‘ಬಾಡಿ ಎಂಟರ್ಡ್’ ಸಿಗ್ನಲ್, ಅಂದರೆ ವಸ್ತು ಒಳಬಂದಾಗ ಹೊರಡುವ ಸೂಚನೆ, ಜೋಡಿಸುತ್ತಾರೆ. ನೀವು ಅಡಿಕೆಯನ್ನೂ ಏರಿಯಾ2ಡಿ ಮಾಡಿದ್ದರೆ ಆ ಸಿಗ್ನಲ್ ಯಾವತ್ತೂ ಬರುವುದಿಲ್ಲ. ‘ಏರಿಯಾ ಎಂಟರ್ಡ್’ ಜೋಡಿಸಬೇಕು. ಅದೂ ಸರಿ ಇದ್ದರೆ ತಾಗುವ ಗಡಿಯನ್ನು ಹೇಳುವ ‘ಕೊಲಿಷನ್‌ಶೇಪ್2ಡಿ’ ನೋಡಿ. ಅದನ್ನು ಸೇರಿಸಿದರಷ್ಟೇ ಸಾಲದು, ಒಳಗೆ ವೃತ್ತವೋ ಆಯತವೋ ಒಂದು ಆಕಾರ ಕೊಡಬೇಕು. ಕೊಡದಿದ್ದರೆ ಆ ನೋಡ್ (ಆಟದ ಘಟಕ) ಹೆಸರಿನ ಪಕ್ಕ ಹಳದಿ ತ್ರಿಕೋನ ಕಾಣುತ್ತದೆ. ಕೋಡ್‌ನಲ್ಲಿ ಫಂಕ್ಷನ್ ಸಾಲಿನ ಎಡಕ್ಕೆ ಹಸಿರು ಗುರುತು ಇಲ್ಲದಿದ್ದರೆ, ಎಡಿಟರ್‌ನಲ್ಲಿ ಸಿಗ್ನಲ್ ಜೋಡಣೆಯೇ ಆಗಿಲ್ಲ ಎಂದರ್ಥ. ಫಂಕ್ಷನ್ ಹೆಸರು ಬದಲಿಸಿದಾಗ ಹೀಗಾಗುವುದುಂಟು.

ಸ್ಕ್ರ್ಯಾಚ್ ಕಲಿತದ್ದು ವ್ಯರ್ಥವಲ್ಲ. ಅಲ್ಲಿಯ ‘ಬ್ರಾಡ್‌ಕಾಸ್ಟ್’ಗೆ ಹತ್ತಿರದ್ದು ಇಲ್ಲಿಯ ಸಿಗ್ನಲ್, ‘ಕ್ಲೋನ್’ಗೆ ಹತ್ತಿರದ್ದು ಇನ್‌ಸ್ಟಾನ್ಸ್, ಅಂದರೆ ಪ್ರತಿ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಸ್ಕ್ರ್ಯಾಚ್ 300 ಕ್ಲೋನ್‌ಗಳಿಗೆ ತಾನೇ ತಡೆ ಹಾಕುತ್ತದೆ, ಗೋಡೋ ಹಾಕುವುದಿಲ್ಲ. ತಪ್ಪಿಹೋದ ಅಡಿಕೆ ಪರದೆಯ ಕೆಳಗೆ ಕಾಣದೆ ಬೀಳುತ್ತಲೇ ಇರುತ್ತದೆ, ರಾಶಿ ಬೆಳೆದಂತೆ ಆಟ ತಡವರಿಸುತ್ತದೆ. ‘ವಿಸಿಬಲ್‌ಆನ್‌ಸ್ಕ್ರೀನ್‌ನೋಟಿಫೈಯರ್2ಡಿ’ ಸೇರಿಸಿ, ‘ಸ್ಕ್ರೀನ್ ಎಕ್ಸಿಟೆಡ್’ ಸಿಗ್ನಲ್ ಬಂದಾಗ ವಸ್ತುವನ್ನು ಅಳಿಸುವ ‘ಕ್ಯೂ ಫ್ರೀ’ ಕರೆದರೆ ತೊಂದರೆ ಇಲ್ಲ. ಬುಟ್ಟಿಗೆ ಬಿದ್ದ ಅಡಿಕೆಗೂ ಅದನ್ನೇ ಕರೆಯಿರಿ.

ವೇಗದ ವಿಷಯ: ಪ್ರತಿ ಫ್ರೇಮ್‌ಗೆ 5 ಪಿಕ್ಸೆಲ್ ಎಂದು ಬರೆದರೆ, ಸೆಕೆಂಡಿಗೆ 60 ಫ್ರೇಮ್ ಓಡುವ ಕಂಪ್ಯೂಟರ್‌ನಲ್ಲಿ ಅಡಿಕೆ ಸೆಕೆಂಡಿಗೆ 300 ಪಿಕ್ಸೆಲ್ ಇಳಿಯುತ್ತದೆ, 30 ಓಡುವಲ್ಲಿ 150 ಮಾತ್ರ. ಅದಕ್ಕೇ 300ನ್ನು ‘ಡೆಲ್ಟಾ’ದಿಂದ, ಅಂದರೆ ಹಿಂದಿನ ಫ್ರೇಮ್‌ನಿಂದ ಕಳೆದ ಸಮಯದಿಂದ, ಗುಣಿಸುವುದು. ಆದರೆ ಕ್ಯಾರೆಕ್ಟರ್‌ಬಾಡಿ2ಡಿಯನ್ನು ಚಲಿಸುವ ‘ಮೂವ್ ಅಂಡ್ ಸ್ಲೈಡ್’ ಬಳಸುವಾಗ ವೇಗವನ್ನು ಗುಣಿಸಬೇಡಿ. ಆ ಲೆಕ್ಕವನ್ನು ಅದೇ ಮಾಡುತ್ತದೆ. ನೀವೂ ಮಾಡಿದರೆ ಪಾತ್ರ ಬಸವನಹುಳುವಿನಂತೆ ತೆವಳುತ್ತದೆ.

ಪಾಠ: ಮೊದಲು ಜಿಡಿಕ್ವೆಸ್ಟ್‌ನವರ ‘ಲರ್ನ್ ಜಿಡಿಸ್ಕ್ರಿಪ್ಟ್ ಫ್ರಮ್ ಝೀರೋ’. ಜಿಡಿಸ್ಕ್ರಿಪ್ಟ್ ಎಂದರೆ ಗೋಡೋದ ಕೋಡ್ ಭಾಷೆ. ಬ್ರೌಸರ್‌ನಲ್ಲೇ ಬರೆದು ಓಡಿಸಬಹುದು. ಆಮೇಲೆ ಗೋಡೋದ ಅಧಿಕೃತ ಕೈಪಿಡಿಯ ಮೊದಲ 2ಡಿ ಆಟ, 480 × 720 ಪರದೆಯಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳುವುದು. ಅದನ್ನು ಮುಗಿಸಿ, ಶತ್ರುವಿನ ಜಾಗದಲ್ಲಿ ಅಡಿಕೆ ಇಡಿ. ಕೈಪಿಡಿಯನ್ನು ಇಡಿಯಾಗಿ ಇಳಿಸಿಕೊಳ್ಳಬಹುದು, ಮಳೆಗಾಲದಲ್ಲಿ ನೆಟ್ ಕೈಕೊಟ್ಟರೂ ಓದು ನಿಲ್ಲದು. ಪ್ರಾಜೆಕ್ಟ್ ಆರಂಭಿಸುವಾಗ ‘ಕಂಪ್ಯಾಟಿಬಿಲಿಟಿ’ ರೆಂಡರರ್ (ಪರದೆಗೆ ಚಿತ್ರ ಬಿಡಿಸುವ ಭಾಗ) ಆರಿಸಿ. ಹಳೆಯ ಗ್ರಾಫಿಕ್ಸ್ ಚಿಪ್‌ಗೆ ಅದೇ ಸರಿ. ಯೂಟ್ಯೂಬ್‌ನ ತಾನೇ ಅನುವಾದಿಸುವ ಕನ್ನಡ ಅಡಿಬರಹವನ್ನು ನಂಬಬೇಡಿ, ಕೋಡ್‌ನ ಪದಗಳನ್ನೂ ಅನುವಾದಿಸಿಬಿಡುತ್ತದೆ. ಇಂಗ್ಲಿಷ್ ಅಡಿಬರಹ ಹಾಕಿ, ವೇಗ 0.75ಕ್ಕೆ ಇಳಿಸಿ.

ಪ್ರಶ್ನೆ: ಆಟದಲ್ಲಿ ‘ಅಂಕ’, ‘ಮತ್ತೊಮ್ಮೆ’ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದೆ, ಆಟ ಹಂಚುವ ಜಾಲತಾಣ ಇಚ್.ಐಓಗೆ ಹಾಕಿದರೆ ಬರೀ ಚೌಕಗಳು. ಯಾಕೆ?
— ಓದುಗರು, ತಾಳವಾಡಿ

ಉತ್ತರ: ಗೋಡೋದ ಒಳಗಿನ ಫಾಂಟ್‌ನಲ್ಲಿ ಕನ್ನಡ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಫಾಂಟ್ ಎರವಲು ಸಿಗುತ್ತದೆ, ವೆಬ್‌ನಲ್ಲಿ ಆ ಸೌಲಭ್ಯ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಉಚಿತ. ಫೈಲನ್ನು ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಜಿಯುಐ, ಥೀಮ್, ಕಸ್ಟಮ್ ಫಾಂಟ್ ಎಂಬಲ್ಲಿ ಅದನ್ನು ಕೊಡಿ. ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ನೀವಿನ್ನೂ ಗೋಡೋ 3ರಲ್ಲಿದ್ದೀರಿ. ಮೇಲೇರಿಸುವ ಜಿಪ್‌ನಲ್ಲಿ ಮುಖ್ಯ ಫೈಲಿನ ಹೆಸರು ‘ಇಂಡೆಕ್ಸ್’ ಎಂದೇ ಇರಲಿ, ಆಟದ ಹೆಸರು ಕೊಟ್ಟರೆ ತೆರೆಯುವುದಿಲ್ಲ.

ಪ್ರಶ್ನೆ: ಪದವಿಯಲ್ಲಿ ಸಿ ಓದಿದ್ದೇನೆ. ಉಚಿತವಾಗಿ ಆಳದ ಪಾಠ ಯಾವುದಿದೆ?
— ಓದುಗರು, ಅಕ್ಕಲಕೋಟೆ

ಉತ್ತರ: ಹಾರ್ವರ್ಡ್‌ನ ಸಿಎಸ್50 ಸರಣಿಯ ಗೇಮ್ ಡೆವಲಪ್‌ಮೆಂಟ್ ಕೋರ್ಸ್. 2018ರಲ್ಲಿ ಬಂದದ್ದು, ಪಾಂಗ್‌ನಿಂದ ಶುರುವಾಗುತ್ತದೆ. 2ಡಿ ಭಾಗ ಲುವಾ ಭಾಷೆ ಮತ್ತು ಲವ್ ಎಂಬ ಫ್ರೇಮ್‌ವರ್ಕ್‌ನಲ್ಲಿದೆ. ಎಡ್‌ಎಕ್ಸ್‌ನ ದೃಢೀಕೃತ ಪ್ರಮಾಣಪತ್ರಕ್ಕೆ ಹಣ ಕೊಡಬೇಕು, ಪಾಠಕ್ಕೆ ಬೇಡ. ಲವ್‌ನ 11ನೇ ಆವೃತ್ತಿಯಿಂದ ಬಣ್ಣದ ಅಳತೆ 0ಯಿಂದ 255 ಅಲ್ಲ, 0ಯಿಂದ 1. ಹಳೆಯ ಕೋಡ್ ಹಾಗೇ ಓಡಿಸಿ ಪರದೆ ಪೂರ್ತಿ ಬಿಳಿಯಾದರೆ ಪ್ರತಿ ಸಂಖ್ಯೆಯನ್ನೂ 255ರಿಂದ ಭಾಗಿಸಿ.