ಒಂದನೇ ನಂಬರ್‌ನಿಂದೇ ಹಾಜರಿ ಕರೀಬೇಕಂತಿಲ್ಲ, ಸರ್

ಸೇಡಂನಿಂದ ಒಬ್ಬರು ಮಾಸ್ತರ್ ಪತ್ರ ಬರದಾರ. ಬೆಂಗಳೂರಾಗಿರೋ ಅಳಿಯ ಹೇಳ್ದಾಂತ ಟೆರ್ರಿ ಪ್ರ್ಯಾಚೆಟ್ ಅನ್ನೋ ಇಂಗ್ಲಿಷ್ ಹಾಸ್ಯ ಲೇಖಕನ ಡಿಸ್ಕ್‌ವರ್ಲ್ಡ್ ಸೀರೀಸ್‌ನ ಮೊದಲ್ನೇ ಪುಸ್ತಕ ತರಿಸ್ಕೊಂಡ್ರಂತ, ಅರವತ್ತು ಪುಟಕ್ಕ ಬಂಡಿ ನಿಂತದಂತ, ಒಮ್ಮೀನೂ ನಗು ಬಂದಿಲ್ಲಂತ. ‘ಒಟ್ಟು 41 ಕಾದಂಬರಿ ಅದಾವ ಅಂತಾರ, ಮೊದಲ್ನೇದೇ ಹಿಂಗಾದ್ರ ಮುಂದ ಹೆಂಗ್ರಿ? ನಡುವಿಂದ ಹಿಡದ್ರ ಕತಿ ತಪ್ಪಂಗಿಲ್ಲೇನು?’ ಅಂತ ಕೇಳ್ಯಾರ. ಎಂಟನೇ ಕ್ಲಾಸಿನ ಮಗಳಿಗೂ ಒಂದು ಹೇಳ್ರಿ ಅಂತ ಕಡೀಕ ಒಂದು ಸಾಲು.

ಸರ್, ತಪ್ಪು ನಿಮ್ದಲ್ಲ. ನಾನೂ ಅದೇ ಪುಸ್ತಕದಾಗ ಸಿಕ್ಕೊಂಡು ಎರಡು ವರ್ಷ ಕಪಾಟಿನ ಮ್ಯಾಲ ಒಗದಿದ್ದೆ. ಅದು 1983ರದ್ದು, ‘ದಿ ಕಲರ್ ಆಫ್ ಮ್ಯಾಜಿಕ್’. ಅದಕ್ಕೂ ಮೊದಲು ಇಂಗ್ಲಿಷ್‌ನಾಗ ಕತ್ತಿ, ಮಂತ್ರ, ಡ್ರ್ಯಾಗನ್ ಅಂತ ರಾಶಿ ಕಾದಂಬರಿ ಬಂದಿದ್ವು, ಅವುಗಳ ಕಾಲೆಳೀಲಿಕ್ಕಂತ ಬರದಿದ್ದು. ದೊಡ್ಡಾಟದಾಗ ಸಾರಥಿ ರಾಜನ ಅಣಕ ಮಾಡಿದ್ರ ನಾವು ಬಿದ್ದು ಬಿದ್ದು ನಗ್ತೀವಿ, ಯಾಕಂದ್ರ ಸಣ್ಣವ್ರಿದ್ದಾಗಿಂದ ಹತ್ತು ಮಂದಿ ರಾಜರು ಮೀಸಿ ತಿರುವಿ ಕುಣದಿದ್ದು ನೋಡೀವಿ. ರಾಜನ್ನೇ ನೋಡದವಗ ಸಾರಥಿ ಏನ್ ನಗಸ್ತಾನ? ಪ್ರ್ಯಾಚೆಟ್‌ನ ಡಿಸ್ಕ್‌ವರ್ಲ್ಡ್ ಅಂದ್ರ ಆಮಿ ಮ್ಯಾಲ ನಾಕು ಆನಿ, ಆನಿಗಳ ಮ್ಯಾಲ ತಾಟಿನಂಥ ಲೋಕ, ಅದೊಂದು ಮಾತ್ರ ನಮಗ ಬಿಡಿಸಿ ಹೇಳೋದು ಬ್ಯಾಡ. ನಮ್ಮಲ್ಲಿ ದಿಗ್ಗಜ ಎಂಟು, ಅಂವ ನಾಕಕ್ಕೇ ಕೆಲಸ ಮುಗಿಸ್ಯಾನ.

ಈಗ ನಿಮ್ ವಾಡಿ ಜಂಕ್ಷನ್ ನೆನಸ್ಕೊಳ್ರಿ. ಕಲಬುರಗಿಗಿ ಒಂದು ಲೈನ್, ರಾಯಚೂರಿಗಿ ಒಂದು, ನಿಮ್ ಸೇಡಂ ಹಾದು ಸಿಕಂದರಾಬಾದಿಗಿ ಒಂದು. ಈ ಸೀರೀಸಿನ ಪುಸ್ತಕಾನೂ ಹಂಗೇ: ಪೊಲೀಸರ ಲೈನ್ ಬ್ಯಾರೆ, ಮಾಟಗಾತಿಯರದ್ದು ಬ್ಯಾರೆ, ಸಾವಿನದ್ದು ಬ್ಯಾರೆ. ಯಾವ ಲೈನಾದ್ರೂ ಹತ್ರಿ, ಕತಿ ತಪ್ಪಂಗಿಲ್ಲ, ಆದ್ರ ಹತ್ತಿದ ಲೈನಿನಾಗ ಸ್ಟೇಷನ್ ಬಿಡಬ್ಯಾಡ್ರಿ, ಯಾಕಂದ್ರ ಪೊಲೀಸರ ಲೈನಿನಾಗ ವೈಮ್ಸ್ ಅನ್ನೋ ಕ್ಯಾಪ್ಟನ್ ಲಗ್ನ ಆಗ್ತಾನ, ಪ್ರಮೋಷನ್ ತಗೋತಾನ, ಮುಂದ ಮಗಾನೂ ಹುಟ್ತಾನ.

ನಿಮಗ ನಾ ಹೇಳೋದು ಇದೇ ಲೈನು. 1989ರ ‘ಗಾರ್ಡ್ಸ್! ಗಾರ್ಡ್ಸ್!’ದಿಂದ ಶುರು ಮಾಡ್ರಿ. ಕುಡದು ಗಟಾರದಾಗ ಬಿದ್ದ ಕ್ಯಾಪ್ಟನ್, ಕೆಲಸಕ್ಕ ಬಾರದ ರಾತ್ರಿ ಪಹರೆಯವ್ರು, ಊರಿಗಿ ಡ್ರ್ಯಾಗನ್ ಬರ್ತದ. ಹಿಡಿಸಿದ್ರ ಮುಂದಿಂದು ‘ಮೆನ್ ಅಟ್ ಆರ್ಮ್ಸ್’, 1993. ಅದ್ರಾಗ ವೈಮ್ಸ್ ಬೂಟಿನ ಲೆಕ್ಕ ಹಾಕ್ತಾನ: ಛಲೋ ಬೂಟಿಗಿ 50 ಡಾಲರ್, ವರ್ಷಗಟ್ಟಲೆ ಬಾಳಿಕಿ ಬರ್ತಾವ, ಬಡವನ ಬೂಟಿಗಿ 10 ಡಾಲರ್, ಒಂದೆರಡು ಸೀಸನ್ನಿಗೇ ತಳ ಹೋಗ್ತದ, ಹತ್ತು ವರ್ಷಕ್ಕ ಬಡವ ನೂರು ಡಾಲರ್ ಸುರದಿರ್ತಾನ, ಆದ್ರೂ ಕಾಲು ಒದ್ದೀನೇ. ಸೂಪರ್ ಮಾರ್ಕೆಟ್‌ನಾಗ ಮಳಿಗಾಲಕ್ಕೊಂದು ಚಪ್ಪಲ್ ಕೊಳ್ಳೋ ಮನುಷ್ಯಾ ನಾನು, ಆ ಪುಟ ಓದಿ ಬಾಗಲಾಗ ಬಿಟ್ಟಿದ್ದ ನನ್ ಚಪ್ಪಲ್ ಕಡೀಗಿ ನೋಡ್ದೆ.

ಪೊಲೀಸರು ಬ್ಯಾಡಂದ್ರ 1987ರ ‘ಮಾರ್ಟ್’. ಸಾವೇ ಒಬ್ಬ ಹುಡುಗನ್ನ ಕೆಲಸ ಕಲೀಲಿಕ್ಕ ಇಟ್ಕೋತಾನ. ನಮ್ ಯಮಗ ಕೋಣ, ಅವರ ಯಮಗ ಕುದುರಿ, ಹೆಸರು ಬಿಂಕಿ (ಖರೇ ರೀ, ನಾ ಇಟ್ಟಿದ್ದಲ್ಲ!). ಈ ಸಾವಿನ ಮಾತೆಲ್ಲಾ ಕ್ಯಾಪಿಟಲ್ ಅಕ್ಷರದಾಗ ಛಾಪಿಸಿರ್ತಾರ, ಕನ್ನಡಕ್ಕ ತರೋರು ಏನ್ ಮಾಡಬೇಕೋ, ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಲ್ಯಾವ?

ಮಗಳಿಗಿ ‘ದಿ ವೀ ಫ್ರೀ ಮೆನ್’ ಕೊಡ್ರಿ, 2003ರದ್ದು. ಒಂಬತ್ತು ವರ್ಷದ ಹುಡುಗಿ ಬಾಣಲಿ ಹಿಡಕೊಂಡು ತಮ್ಮನ್ನ ಬಿಡಿಸ್ಕೊಂಡು ಬರಲಿಕ್ಕ ಹೊಂಟಿರ್ತಾಳ. ಅದ್ರಾಗ ಗೇಣುದ್ದ ನೀಲಿ ಮಂದಿ ಸ್ಕಾಟ್ಲೆಂಡಿನ ಇಂಗ್ಲಿಷ್ ಆಡ್ತಾರ, ಮೈಸೂರಿನವ್ರಿಗಿ ನಮ್ ಮಾತು ಕೇಳ್ದಂಗ ಆಗ್ತದ. ಜೋರಾಗಿ ಓದಿದ್ರ ತಿಳೀತದ ಅಂತ ಹೇಳ್ರಿ.

ಇನ್ನೊಂದು ಮರತಿದ್ದೆ, ಇವುಗಳಾಗ ಭಾಳ ಪುಸ್ತಕಕ್ಕ ಅಧ್ಯಾಯಾನೇ ಇಲ್ಲ. ಮಲಗೋ ಮುಂದ ಒಂದು ಅಧ್ಯಾಯ ಅಂತ ಕುಂತ್ರ ಬೆಳಗಾಗ್ತದ, ಮರುದಿನ ಸಾಲಿ ಇದ್ರ ಹುಷಾರ್.

ನಿಮ್ ಹತ್ರ ಇರೋದನ್ನ ರದ್ದಿಗಿ ಹಾಕಬ್ಯಾಡ್ರಿ. ಐದಾರು ಓದಿದ ಮ್ಯಾಲ ತೆಗದು ನೋಡ್ರಿ. ಅದ್ರಾಗೊಂದು ಪೆಟ್ಟಿಗಿ ಅದ, ನೂರಾರು ಸಣ್ಣ ಕಾಲು, ಮಾಲಕನ ಹಿಂದೇ ಓಡತದ, ಅಡ್ಡ ಬಂದವರನ್ನ ನುಂಗತದ. ಅರವತ್ತು ಪುಟದಾಗ ಆಗ್ಲೇ ಬಂದು ಹೋಗಿರ್ಬೇಕು, ನಿಮಗ ನಗು ಬಂದಿರಂಗಿಲ್ಲ ಅಷ್ಟೇ.