ರಾತ್ರಿ ರೈಲಿಗೆ ಡಬಲ್ ಡೆಕ್ಕರ್ ಹೊಂದುವುದೇ?

ಬೆಂಗಳೂರಿನಿಂದ ದೆಹಲಿಗೆ ಹೋಗುವ ರೈಲುಗಳಿಗೂ ಡಬಲ್ ಡೆಕ್ಕರ್ ಬೋಗಿಗಳನ್ನು ಏಕೆ ಜೋಡಿಸುವುದಿಲ್ಲ ಎಂದು ತಾವು ಕೇಳಿದ್ದೀರಿ. 2013ರಲ್ಲಿ ಆರಂಭವಾದ ಚೆನ್ನೈ–ಬೆಂಗಳೂರು ಡಬಲ್ ಡೆಕ್ಕರ್‌ನ ಬೋಗಿಯೊಂದರಲ್ಲಿ 120 ಆಸನಗಳಿದ್ದು, ಒಂದೇ ಅಂತಸ್ತಿನ ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ) ಎ.ಸಿ. ಚೇರ್ ಕಾರಿನಲ್ಲಿ 78 ಮಾತ್ರ ಇರುವುದರಿಂದ, ಕುಳಿತೇ ಸಾಗುವ ಹಗಲಿನ ಪ್ರಯಾಣಕ್ಕೆ ಅದು ನಿಜಕ್ಕೂ ಒಳ್ಳೆಯ ಆಯ್ಕೆ. ಮಲಗುವ ಬರ್ತ್ ಎಂದಾಗ ಲೆಕ್ಕವೇ ಬೇರೆ. ಈಗಿನ ಬೋಗಿಯಲ್ಲೇ ಒಂದರ ಮೇಲೊಂದು ಮೂರು ಬರ್ತ್‌ಗಳಿವೆ. ಎರಡು ಅಂತಸ್ತು ಮಾಡಿದರೂ ತಲೆ ತಗ್ಗಿಸಿ ನಡೆಯಬೇಕಾದ ಆ ಎತ್ತರದಲ್ಲಿ ಅಂತಸ್ತಿಗೆರಡು ಬರ್ತ್ ಹಿಡಿಸುವುದೇ ಕಷ್ಟ, ಅದರಲ್ಲೂ ಮೆಟ್ಟಿಲುಗಳು ಜಾಗ ತಿನ್ನುತ್ತವೆ, ದೊಡ್ಡ ಸೂಟ್‌ಕೇಸ್‌ಗಳಿಗೆ ಎಡೆಯಿರುವುದಿಲ್ಲ. ಅಮೆರಿಕದ ಸೂಪರ್‌ಲೈನರ್ ಎಂಬ ಎರಡಂತಸ್ತಿನ ಬೋಗಿ ಸುಮಾರು 4.9 ಮೀಟರ್ ಎತ್ತರವಿರುವುದರಿಂದ ಅದರ ಎರಡೂ ಅಂತಸ್ತುಗಳಲ್ಲಿ ಮಲಗುವ ಕೋಣೆಗಳಿವೆ. ಆದರೆ ನ್ಯೂಯಾರ್ಕ್‌ನ ಸುರಂಗಗಳಲ್ಲಿ ಅದು ತೂರದ ಕಾರಣ, ಅಲ್ಲಿಗೆ ಒಂದೇ ಅಂತಸ್ತಿನ ವ್ಯೂಲೈನರ್ ಬೋಗಿ ಹೋಗುತ್ತದೆ.